ಮುಚ್ಚಳ ಮುಚ್ಚಿದರೆ ಯಂತ್ರ ನಿಂತೀತೇ?

(ಲ್ಯಾಪ್‌ಟಾಪ್ ಬಳಸುವ ವಿದ್ಯಾರ್ಥಿಗಳು ಮತ್ತು ಕಚೇರಿ ನೌಕರರಿಗಾಗಿ ಶಿವಮೊಗ್ಗದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬಾಗಿಲಿನ ಬಗ್ಗೆ ಕನ್ನಡದಲ್ಲಿ ಮೂರು ಮಾತುಗಳಿವೆ. ಬಾಗಿಲು ಮುಂದೆ ಮಾಡುವುದು ಒಂದು, ಚಿಲಕ ಹಾಕುವುದು ಇನ್ನೊಂದು, ಬೀಗ ಹಾಕುವುದು ಮತ್ತೊಂದು. ಬೀದಿಯಲ್ಲಿ ನಿಂತು ನೋಡುವವರಿಗೆ ಮೂರೂ ಒಂದೇ. ಬಾಗಿಲು ಮುಚ್ಚಿದೆ, ಅಷ್ಟೆ. ಆದರೆ ಮುಂದೆ ಮಾಡಿದ ಬಾಗಿಲನ್ನು ತಳ್ಳಿಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು. ಚಿಲಕ ಹಾಕಿದ್ದರೆ ಒಳಗಿದ್ದವರು ಎದ್ದು ಬಂದು ತೆಗೆಯಬೇಕು. ಬೀಗ ಹಾಕಿದ್ದರೆ ಮನೆಯಲ್ಲಿ ಯಾರೂ ಇಲ್ಲ ಎಂದು ಅರ್ಥ. ಲ್ಯಾಪ್‌ಟಾಪ್ ಎಂಬ ಮಡಚುವ ಗಣಕಯಂತ್ರದ ಮುಚ್ಚಳಕ್ಕೂ ಈ ಮಾತು ಹೊಂದುತ್ತದೆ. ಮುಚ್ಚಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಹೇಗೆ ಮುಚ್ಚಿದೆ ಎಂಬುದು ಕಾಣುವುದಿಲ್ಲ.

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್ ದಾರಿ. ಮೂವರು ವಿದ್ಯಾರ್ಥಿಗಳು ಬರೆಯುತ್ತಿದ್ದ ಪ್ರಾಜೆಕ್ಟ್ ವರದಿಯನ್ನು ಅರ್ಧಕ್ಕೆ ಬಿಟ್ಟು, ಮುಚ್ಚಳ ಮುಚ್ಚಿ, ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು ಎಂದು ಇಟ್ಟುಕೊಳ್ಳಿ. ಮನೆ ಸೇರಿ ತೆರೆದಾಗ ಒಬ್ಬನಿಗೆ ಬಿಟ್ಟ ವಾಕ್ಯ ಬಿಟ್ಟಲ್ಲೇ ಕಾಣುತ್ತದೆ. ಎರಡನೆಯವನ ಯಂತ್ರ ಮೊದಲಿನಿಂದ ಶುರುವಾಗುತ್ತದೆ; ಉಳಿಸದೆ ಬಿಟ್ಟಿದ್ದ ನಾಲ್ಕು ಪುಟ ಮಾಯವಾಗಿವೆ. ಮೂರನೆಯವನು ಚೀಲಕ್ಕೆ ಕೈ ಹಾಕಿದರೆ ಯಂತ್ರ ಬಿಸಿಯಾಗಿದೆ, ಬ್ಯಾಟರಿ ಅರ್ಧಕ್ಕೆ ಇಳಿದಿದೆ. ಮೂವರೂ ಮಾಡಿದ್ದು ಒಂದೇ ಕೆಲಸ. ಫಲ ಮಾತ್ರ ಮೂರು ಬಗೆ. ಯಾಕೆ ಹೀಗೆ?

ಉತ್ತರ ಸರಳ. ಇಂದಿನ ಗಣಕದಲ್ಲಿ ಮುಚ್ಚಳವಾಗಲಿ, ಆನ್-ಆಫ್ ಗುಂಡಿಯಾಗಲಿ ಯಂತ್ರವನ್ನು ತಾವೇ ನಿಲ್ಲಿಸುವುದಿಲ್ಲ. ಅವು ಒಳಗೆ ಒಂದು ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಕೇಳಿದ ಮೇಲೆ ಏನು ಮಾಡಬೇಕೆಂದು ಬೇರೊಬ್ಬರು ಮೊದಲೇ ಬರೆದಿಟ್ಟಿರುತ್ತಾರೆ. ಆ ಬರಹವನ್ನು ಓದಲು ಮತ್ತು ಬೇಕಾದರೆ ಬದಲಿಸಲು ಯಂತ್ರದ ಒಡೆಯರಿಗೆ ಹಕ್ಕಿದೆ. ಹೆಚ್ಚಿನವರಿಗೆ ಅಂಥದೊಂದು ಬರಹ ಇದೆಯೆಂಬುದೇ ಗೊತ್ತಿಲ್ಲ.

ಗುಂಡಿಯ ಹಿಂದೆ ತಂತಿ ಇದ್ದ ಕಾಲ

ಮನೆಯ ಗೋಡೆಯ ಸ್ವಿಚ್ಚನ್ನು ನೋಡಿ. ಅದನ್ನು ಒತ್ತಿದರೆ ಒಳಗಿನ ಲೋಹದ ತುಂಡು ಸರಿದು ತಂತಿಯ ಕೊಂಡಿ ಕಳಚುತ್ತದೆ, ವಿದ್ಯುತ್ ಹರಿಯುವುದು ನಿಲ್ಲುತ್ತದೆ, ದೀಪ ಆರುತ್ತದೆ. ದೀಪದ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಮೊದಮೊದಲ ಮೇಜಿನ ಕಂಪ್ಯೂಟರುಗಳ ಸ್ವಿಚ್ಚೂ ಹಾಗೆಯೇ ಇತ್ತು. ಕೆಂಪು ಅಥವಾ ಕಪ್ಪು ಬಣ್ಣದ ದಪ್ಪನೆಯ ಸ್ವಿಚ್ಚು, ಒತ್ತಿದರೆ ಟಕ್ಕೆಂಬ ಶಬ್ದ. ಒತ್ತಿದ ಕ್ಷಣವೇ ಯಂತ್ರ ಸತ್ತಂತೆ.

ದೀಪವನ್ನು ಹೀಗೆ ಆರಿಸಿದರೆ ನಷ್ಟವಿಲ್ಲ. ಗಣಕವನ್ನು ಆರಿಸಿದರೆ ನಷ್ಟವಿದೆ. ಗಣಕಕ್ಕೆ ಎರಡು ಬಗೆಯ ನೆನಪು. ಒಂದು ಡಿಸ್ಕ್; ಅಲ್ಲಿ ಬರೆದದ್ದು ವಿದ್ಯುತ್ ಹೋದರೂ ಉಳಿಯುತ್ತದೆ. ಇನ್ನೊಂದು ರ‍್ಯಾಮ್, ಕೆಲಸ ನಡೆಯುತ್ತಿರುವಾಗ ಎಲ್ಲವೂ ಇಲ್ಲಿರುತ್ತದೆ. ರ‍್ಯಾಮ್‌ನಲ್ಲಿ ಪ್ರತಿಯೊಂದು ಅಂಶವೂ ಚಿಟಿಕೆಯಷ್ಟು ವಿದ್ಯುದಂಶವಾಗಿ ಕೂತಿರುತ್ತದೆ, ಮತ್ತು ಅದು ಸೋರುತ್ತಲೇ ಇರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚು, ಅದನ್ನು ಓದಿ ಮತ್ತೆ ತುಂಬಬೇಕು. ತೂತಿನ ಕೊಡಕ್ಕೆ ನೀರು ಹೊಯ್ಯುತ್ತಲೇ ಇರುವ ಕೆಲಸ ಇದು. ಹೊಯ್ಯುವುದು ನಿಂತರೆ ಕೊಡ ಬರಿದು. ಉಳಿಸದೆ ಬಿಟ್ಟ ನಾಲ್ಕು ಪುಟ ಹೋಗುವುದು ಹೀಗೆ.

ಆದ್ದರಿಂದಲೇ ಆಗ ಯಂತ್ರವನ್ನು ನಿಲ್ಲಿಸಲು ಎರಡು ಹಂತಗಳಿದ್ದವು. ಮೊದಲು ಪರದೆಯ ಮೇಲೆ ಕೆಲಸ ಮುಗಿಸುವ ಆಜ್ಞೆ ಕೊಡಬೇಕು. ಎಲ್ಲವೂ ಡಿಸ್ಕಿಗೆ ಇಳಿದ ಮೇಲೆ ಪರದೆಯಲ್ಲಿ ಸೂಚನೆ ಬರುತ್ತಿತ್ತು. 1995ರ ವಿಂಡೋಸ್ ಬಳಸಿದವರಿಗೆ ಕಪ್ಪು ಪರದೆಯ ಮೇಲಿನ ಆ ಕಿತ್ತಳೆ ಅಕ್ಷರಗಳು ನೆನಪಿದ್ದಾವು. ಇನ್ನು ಆರಿಸಲು ಅಡ್ಡಿಯಿಲ್ಲ ಎಂದು ಯಂತ್ರ ಹೇಳಿದ ಮೇಲೆ ಮನುಷ್ಯ ಕೈಯಾರೆ ಸ್ವಿಚ್ಚು ಒತ್ತಬೇಕಿತ್ತು. ಯಂತ್ರಕ್ಕೆ ತನ್ನನ್ನು ತಾನು ಆರಿಸಿಕೊಳ್ಳುವ ಶಕ್ತಿ ಇರಲಿಲ್ಲ.

ಅಧಿಕಾರ ಕೈಬದಲಾದ ಬಗೆ

ಈ ಏರ್ಪಾಡು ಬದಲಾದದ್ದು 1990ರ ದಶಕದಲ್ಲಿ, ಮೂರು ಹೆಜ್ಜೆಗಳಲ್ಲಿ.

ಮಡಚುವ ಗಣಕಗಳು ಅದಕ್ಕೂ ಮೊದಲೇ ಬಂದಿದ್ದವು. 1982ರ ಗ್ರಿಡ್ ಕಂಪಾಸ್ ಎಂಬ ಯಂತ್ರದಲ್ಲಿ ಪರದೆಯೇ ಮುಚ್ಚಳವಾಗಿ ಕೀಲಿಮಣೆಯ ಮೇಲೆ ಮಡಚಿಕೊಳ್ಳುತ್ತಿತ್ತು. ಅದನ್ನು ರೂಪಿಸಿದವರು ಬಿಲ್ ಮಾಗ್ರಿಡ್ಜ್. ಇಂಥ ಯಂತ್ರಗಳು ಬ್ಯಾಟರಿಯ ಮೇಲೆ ನಡೆಯತೊಡಗಿದಾಗ ವಿದ್ಯುತ್ತಿನ ಉಳಿತಾಯ ದೊಡ್ಡ ಪ್ರಶ್ನೆಯಾಯಿತು. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಎಪಿಎಂ ಎಂಬ ನಿಯಮಾವಳಿ ತಂದವು. ಅದರಲ್ಲಿ ಯಂತ್ರವನ್ನು ಮಲಗಿಸುವ ಅಧಿಕಾರ ಮುಖ್ಯವಾಗಿ ಬಯೋಸ್ ಎಂಬ ಮೂಲ ತಂತ್ರಾಂಶದ ಕೈಯಲ್ಲಿತ್ತು. ಮೇಲೆ ಏನು ಕೆಲಸ ನಡೆದಿದೆ ಎಂಬುದು ಬಯೋಸ್‌ಗೆ ಸರಿಯಾಗಿ ತಿಳಿಯದು. ಊರಿನ ಸುದ್ದಿ ಗೊತ್ತಿಲ್ಲದ ಕಾವಲುಗಾರ ಹೊತ್ತಿಗೆ ಸರಿಯಾಗಿ ದೀಪ ಆರಿಸಿದಂತೆ ಆಗುತ್ತಿತ್ತು.

ಎರಡನೆಯ ಹೆಜ್ಜೆ 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಮಾದರಿ. ಮೇಜಿನ ಕಂಪ್ಯೂಟರಿನ ಮುಂದಿನ ಗುಂಡಿಗೂ ವಿದ್ಯುತ್ ಮಾರ್ಗಕ್ಕೂ ಇದ್ದ ನೇರ ಸಂಬಂಧ ಇಲ್ಲಿ ಕಡಿಯಿತು. ಯಂತ್ರ ಆರಿದಂತೆ ಕಂಡರೂ ಒಳಗೆ 5 ವೋಲ್ಟಿನ ಒಂದು ಸಣ್ಣ ಪೂರೈಕೆ ಜೀವಂತವಾಗಿರುತ್ತದೆ. ಗುಂಡಿ ಒತ್ತಿದರೆ ಅದು ಕರೆಗಂಟೆ ಬಾರಿಸಿದಂತೆ. ಬಾಗಿಲು ತೆರೆಯುವುದು ಒಳಗಿನವರ ಕೆಲಸ.

ಮೂರನೆಯದು 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಪ್ರಕಟಿಸಿದ ಎಸಿಪಿಐ ಎಂಬ ಒಪ್ಪಂದ. ಇದು ಅಧಿಕಾರವನ್ನು ಬಯೋಸ್ ಕೈಯಿಂದ ತೆಗೆದು ಕಾರ್ಯಾಚರಣ ವ್ಯವಸ್ಥೆಗೆ, ಅಂದರೆ ವಿಂಡೋಸ್, ಲಿನಕ್ಸ್ ಮುಂತಾದ ಆಪರೇಟಿಂಗ್ ಸಿಸ್ಟಮ್ಮಿಗೆ ಕೊಟ್ಟಿತು. ಯಾವ ಕಡತ ತೆರೆದಿದೆ, ಯಾವುದು ಅರ್ಧ ಬರೆದಿದೆ ಎಂಬುದು ಅದಕ್ಕೆ ಗೊತ್ತು. ನಿಲ್ಲಿಸುವ ಹೊಣೆಯೂ ಅದಕ್ಕೇ ಇರಲಿ ಎಂಬುದು ಇದರ ತರ್ಕ.

ಆದರೂ ಒಂದು ಅಧಿಕಾರವನ್ನು ಮನುಷ್ಯನ ಬೆರಳಿಗೇ ಬಿಟ್ಟರು. ವ್ಯವಸ್ಥೆ ಸ್ಥಗಿತಗೊಂಡು ಯಾವ ಮಾತೂ ಕೇಳದಿದ್ದರೆ ಗುಂಡಿಯನ್ನು ಒತ್ತಿ ಹಿಡಿಯಬೇಕು. ಒಪ್ಪಂದದ ಪ್ರಕಾರ 4 ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಯಂತ್ರಾಂಶವೇ ಯಾರನ್ನೂ ಕೇಳದೆ ವಿದ್ಯುತ್ ಕಡಿಯುತ್ತದೆ. ಕೆಲವು ಹೊಸ ಯಂತ್ರಗಳಲ್ಲಿ ಇನ್ನೂ ಹೆಚ್ಚು ಹೊತ್ತು ಹಿಡಿಯಬೇಕಾಗುತ್ತದೆ. ಇದು ರೈಲಿನ ಅಪಾಯದ ಸರಪಳಿ ಇದ್ದಂತೆ. ಇರಬೇಕು, ಆದರೆ ದಿನವೂ ಎಳೆಯುವಂಥದಲ್ಲ. ಕೆಲಸ ಮುಗಿದ ಕೂಡಲೇ ಗುಂಡಿಯನ್ನು ಒತ್ತಿ ಹಿಡಿದು ಆರಿಸುವ ಅಭ್ಯಾಸ ಅನೇಕರಿಗಿದೆ. ಅವರು ಪ್ರತಿ ನಿಲ್ದಾಣದಲ್ಲೂ ಸರಪಳಿ ಎಳೆದು ಇಳಿಯುತ್ತಿದ್ದಾರೆ ಎನ್ನಬೇಕು.

ಭದ್ರಾವತಿಯ ಪಾಠ

ನಿಲ್ಲಿಸುವುದರಲ್ಲಿ ಹಲವು ಬಗೆ ಇವೆ ಎಂಬುದು ಭದ್ರಾವತಿಯಂಥ ಊರಿಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದ ಯೋಜನೆಯಾಗಿ 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬಿತ್ತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಉರುವಲು ಮಲೆನಾಡಿನ ಕಾಡಿನ ಮರದಿಂದ ತೆಗೆದ ಇದ್ದಿಲು. 1948ರಲ್ಲಿ ಜೋಗದ ವಿದ್ಯುತ್ ಹರಿಯತೊಡಗಿದ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು.

ಊದುಕುಲುಮೆಗೆ ಆರಿಸುವ ಸ್ವಿಚ್ಚು ಇರುವುದಿಲ್ಲ. ಅದರ ಒಡಲಲ್ಲಿ ಕಬ್ಬಿಣ 1,400 ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕ ಶಾಖದಲ್ಲಿ ಕರಗಿ ನಿಂತಿರುತ್ತದೆ. ಗಾಳಿ ಊದುವುದನ್ನು ಹಠಾತ್ತಾಗಿ ನಿಲ್ಲಿಸಿ ಹಾಗೆಯೇ ಬಿಟ್ಟರೆ ಆ ಕಬ್ಬಿಣ ತಳದಲ್ಲಿ ಹೆಪ್ಪುಗಟ್ಟುತ್ತದೆ. ಆಮೇಲೆ ಅದನ್ನು ಒಡೆದು ತೆಗೆಯುವುದೇ ದೊಡ್ಡ ಕೆಲಸ. ಆದ್ದರಿಂದ ಊದುಕುಲುಮೆ ಇರುವ ಕಡೆಯಲ್ಲೆಲ್ಲ ಒಂದು ವಿದ್ಯೆ ಬೆಳೆದಿದೆ. ಕೆಲವು ದಿನ ಮಾತ್ರ ನಿಲ್ಲಿಸಬೇಕಾದರೆ ಹೆಚ್ಚು ಉರುವಲು ತುಂಬಿ, ಗಾಳಿಯ ಕೊಳವೆಗಳ ಬಾಯಿಗೆ ಜೇಡಿಮಣ್ಣು ಮೆತ್ತಿ, ಬೆಂಕಿಯನ್ನು ಒಳಗೇ ಮಂದವಾಗಿ ಉಳಿಸುತ್ತಾರೆ. ಇದಕ್ಕೆ ಬ್ಯಾಂಕಿಂಗ್ ಎಂದು ಹೆಸರು; ಹಣ ಇಡುವ ಬ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ. ಮತ್ತೆ ಬೇಕಾದಾಗ ಮಣ್ಣು ತೆಗೆದು ಗಾಳಿ ಊದಿದರೆ ಕುಲುಮೆ ಎಚ್ಚರಗೊಳ್ಳುತ್ತದೆ.

ಕಾರ್ಖಾನೆ ನೋಡದವರಿಗೂ ಇದು ಅಪರಿಚಿತವಲ್ಲ. ಮಲೆನಾಡಿನ ಮನೆಗಳ ಬಚ್ಚಲೊಲೆಯಲ್ಲಿ ರಾತ್ರಿ ಕೆಂಡದ ಮೇಲೆ ಬೂದಿ ಎಳೆದು ಬಿಡುತ್ತಾರೆ. ಬೆಳಗ್ಗೆ ಬೂದಿ ಸರಿಸಿ ನಾಲ್ಕು ಚಕ್ಕೆ ಒಡ್ಡಿ ಊದಿದರೆ ಹಂಡೆಯ ನೀರು ಕಾಯತೊಡಗುತ್ತದೆ. ಬೆಂಕಿಪೆಟ್ಟಿಗೆಯ ಕೆಲಸವೇ ಇಲ್ಲ. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಹುಟ್ಟಿದ್ದೂ ಇಲ್ಲಿಂದಲೇ. ಆ ಮಾತಿನಲ್ಲಿ ಅನುಕೂಲವೂ ಇದೆ, ಎಚ್ಚರಿಕೆಯೂ ಇದೆ. ಮೇಲೆ ತಣ್ಣಗಿದೆ ಎಂದು ಕೈ ಇಟ್ಟರೆ ಸುಡುತ್ತದೆ.

ಮೂರು ಬಗೆಯ ನಿಲುಗಡೆ

ಗಣಕವನ್ನು ನಿಲ್ಲಿಸುವ ಬಗೆಗಳನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಸುಲಭವಾಗಿ ತಿಳಿಯುತ್ತದೆ. ಎಸಿಪಿಐ ಒಪ್ಪಂದ ಅವುಗಳಿಗೆ ಎಸ್ ಅಕ್ಷರದೊಡನೆ ಅಂಕಿಗಳನ್ನು ಕೊಟ್ಟಿದೆ. ಎಸ್-0 ಎಂದರೆ ಯಂತ್ರ ಎಚ್ಚರವಾಗಿದೆ. ಬಳಕೆದಾರರಿಗೆ ಮುಖ್ಯವಾದವು ಎಸ್-3, ಎಸ್-4 ಮತ್ತು ಎಸ್-5.

ಎಸ್-3 ಎಂದರೆ ನಿದ್ರೆ; ಇದಕ್ಕೆ ಸ್ಲೀಪ್ ಎಂದೂ ಸಸ್ಪೆಂಡ್ ಎಂದೂ ಕರೆಯುತ್ತಾರೆ. ಪರದೆ, ಡಿಸ್ಕ್, ಮುಖ್ಯ ಪ್ರೊಸೆಸರ್ ಎಲ್ಲವೂ ನಿಲ್ಲುತ್ತವೆ. ರ‍್ಯಾಮ್‌ಗೆ ಮಾತ್ರ ಸಣ್ಣ ಪೂರೈಕೆ ಮುಂದುವರಿಯುತ್ತದೆ. ಸರ್ಕಾರಿ ನೌಕರರಿಗೆ ಸಸ್ಪೆಂಡ್ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಮಾನತಾದ ನೌಕರ ಕೆಲಸ ಮಾಡುವುದಿಲ್ಲ, ಆದರೆ ಕೆಲಸ ಕಳೆದುಕೊಂಡವನೂ ಅಲ್ಲ. ಜೀವನಾಧಾರ ಭತ್ಯೆ ಸಿಗುತ್ತಿರುತ್ತದೆ. ಆದೇಶ ಬಂದರೆ ಅದೇ ಕುರ್ಚಿಗೆ ಮರಳುತ್ತಾನೆ. ಮಲಗಿದ ಗಣಕವೂ ಹಾಗೆಯೇ. ಭತ್ಯೆ ನಿಂತರೆ, ಎಂದರೆ ಬ್ಯಾಟರಿ ಪೂರ್ತಿ ಮುಗಿದರೆ, ರ‍್ಯಾಮ್‌ನಲ್ಲಿದ್ದದ್ದೆಲ್ಲ ಹೋಗುತ್ತದೆ.

ಎಸ್-4 ಎಂದರೆ ಹೈಬರ್ನೇಟ್. ಇಲ್ಲಿ ರ‍್ಯಾಮ್‌ನಲ್ಲಿ ಇದ್ದದ್ದನ್ನೆಲ್ಲ ಡಿಸ್ಕಿಗೆ ನಕಲು ಮಾಡಿ ಆಮೇಲೆ ವಿದ್ಯುತ್ ಕಡಿಯುತ್ತಾರೆ. ಅಂಗಡಿಯವರು ದಿನದ ಲೆಕ್ಕವನ್ನೆಲ್ಲ ಪುಸ್ತಕಕ್ಕೆ ಹತ್ತಿಸಿ ದೀಪ ಆರಿಸಿ ಹೋದ ಹಾಗೆ. ಮರುದಿನ ಪುಸ್ತಕ ನೋಡಿ ಅಲ್ಲಿಂದಲೇ ಮುಂದುವರಿಸಬಹುದು. ಏಳಲು ಸ್ವಲ್ಪ ತಡವಾಗುತ್ತದೆ. ಆದರೆ ಬ್ಯಾಟರಿ ಮುಗಿದರೂ ಕೆಲಸ ಕೆಡುವುದಿಲ್ಲ.

ಎಸ್-5 ಎಂದರೆ ಪೂರ್ತಿ ನಿಲುಗಡೆ, ಶಟ್‌ಡೌನ್. ಎಲ್ಲ ಕಾರ್ಯಕ್ರಮಗಳಿಗೂ ಮುಗಿಸಿ ಎಂದು ಹೇಳಿ, ಕಡತಗಳನ್ನು ಮುಚ್ಚಿ ಆರಿಸುವುದು. ಇಲ್ಲಿಯೂ ಒಂದು ಒಳಗುಟ್ಟಿದೆ. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಬಂದಿದೆ. ಅದು ಚಾಲ್ತಿಯಲ್ಲಿರುವ ಯಂತ್ರದಲ್ಲಿ ಶಟ್‌ಡೌನ್ ಕೊಟ್ಟರೆ ಬಳಕೆದಾರರ ಕೆಲಸವೇನೋ ಮುಚ್ಚುತ್ತದೆ. ಆದರೆ ವ್ಯವಸ್ಥೆಯ ತಿರುಳು ಹೈಬರ್ನೇಟ್ ಆಗುತ್ತದೆ, ಮರುದಿನ ಬೇಗ ಏಳಲಿ ಎಂದು. ಹೀಗಾಗಿ ತೊಂದರೆ ಬಂದ ಯಂತ್ರವನ್ನು ಶಟ್‌ಡೌನ್ ಮಾಡಿ ತೆರೆದರೆ ಹೋಗದ ದೋಷ ರೀಸ್ಟಾರ್ಟ್ ಮಾಡಿದರೆ ಹೋಗುವುದುಂಟು. ರೀಸ್ಟಾರ್ಟ್ ಮಾತ್ರ ಮೊದಲಿನಿಂದ ಶುರುಮಾಡುತ್ತದೆ.

ಇವುಗಳ ನಡುವೆ ಇನ್ನೊಂದು ಹೊಸ ಬಗೆ ಸೇರಿಕೊಂಡಿದೆ. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಎಸ್-3 ನಿದ್ರೆಯೇ ಇಲ್ಲ. ಅದರ ಬದಲು ಮಾಡರ್ನ್ ಸ್ಟ್ಯಾಂಡ್‌ಬೈ ಎಂಬುದಿದೆ. ಮೊಬೈಲ್ ಫೋನು ಜೇಬಿನಲ್ಲಿದ್ದೂ ಸಂದೇಶ ಪಡೆಯುವಂತೆ, ಈ ಯಂತ್ರ ಪರದೆ ಆರಿಸಿಕೊಂಡು ಒಳಗೆ ತೂಕಡಿಸುತ್ತಿರುತ್ತದೆ. ಆಗಾಗ ಎದ್ದು ಅಂಚೆ ನೋಡುತ್ತದೆ, ತಂತ್ರಾಂಶ ನವೀಕರಿಸಿಕೊಳ್ಳುತ್ತದೆ. ಯಾವುದೋ ಕಾರ್ಯಕ್ರಮ ಅದನ್ನು ಮಲಗಲು ಬಿಡದಿದ್ದರೆ ಚೀಲದೊಳಗೆ ಗಾಳಿಯಾಡದೆ ಬಿಸಿಯೇರುತ್ತದೆ. ಮೂರನೆಯ ವಿದ್ಯಾರ್ಥಿಯ ಚೀಲದಲ್ಲಿ ಇದ್ದದ್ದು ಬೂದಿ ಮುಚ್ಚಿದ ಕೆಂಡ.

ಅಯಸ್ಕಾಂತದಿಂದ ಆಜ್ಞೆಯವರೆಗೆ

ಮುಚ್ಚಳ ಮುಚ್ಚಿದ್ದು ಯಂತ್ರಕ್ಕೆ ಹೇಗೆ ತಿಳಿಯುತ್ತದೆ? ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಪರದೆಯ ಅಂಚಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಅಡಗಿರುತ್ತದೆ. ಕೆಳಗಿನ ಭಾಗದಲ್ಲಿ ಅದಕ್ಕೆ ಎದುರಾಗಿ ಕಾಂತಶಕ್ತಿಯನ್ನು ಗುರುತಿಸುವ ಹಾಲ್ ಸಂವೇದಕವಿರುತ್ತದೆ. ಎರಡೂ ಹತ್ತಿರ ಬಂದಾಗ ಸಂವೇದಕದ ಸ್ಥಿತಿ ಬದಲಾಗುತ್ತದೆ. ಅಯಸ್ಕಾಂತವಿರುವ ಫೋನಿನ ಕವರನ್ನು ಕೀಲಿಮಣೆಯ ಅಂಚಿನಲ್ಲಿ ಇಟ್ಟಾಗ ತೆರೆದ ಲ್ಯಾಪ್‌ಟಾಪ್ ತಟ್ಟನೆ ಮಲಗಿಬಿಡುವುದುಂಟು. ಯಂತ್ರ ಕೆಟ್ಟಿದೆ ಎಂದು ರಿಪೇರಿ ಅಂಗಡಿಗೆ ಓಡಬೇಕಾಗಿಲ್ಲ. ಅದಕ್ಕೆ ಸುಳ್ಳು ಸುದ್ದಿ ಮುಟ್ಟಿದೆ, ಅಷ್ಟೆ.

ಸುದ್ದಿ ಮೊದಲು ಮುಟ್ಟುವುದು ಒಂದು ಸಣ್ಣ ಸಹಾಯಕ ಚಿಪ್ಪಿಗೆ. ಕೀಲಿಮಣೆ, ಫ್ಯಾನು, ಬ್ಯಾಟರಿಗಳನ್ನು ನೋಡಿಕೊಳ್ಳುವುದು ಅದರ ಕೆಲಸ. ಅದು ಎಸಿಪಿಐ ನಿಯಮದಂತೆ ವ್ಯವಸ್ಥೆಯ ತಿರುಳಿಗೆ ಸೂಚನೆ ಕೊಡುತ್ತದೆ. ತಿರುಳು ಕೂಡ ತೀರ್ಮಾನ ಮಾಡುವುದಿಲ್ಲ. ಮುಚ್ಚಳ ಮುಚ್ಚಿದೆ ಎಂದು ಘೋಷಿಸಿ ಸುಮ್ಮನಾಗುತ್ತದೆ. ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ವರದಿ ಹೋಗುವಂತೆ ಇದು ಮೇಲೇರುತ್ತದೆ.

ತೀರ್ಮಾನ ಮಾಡುವ ಅಧಿಕಾರಿ ಎಲ್ಲಿದ್ದಾನೆ ಎಂಬುದು ಲಿನಕ್ಸ್‌ನಲ್ಲಿ ಬಿಚ್ಚಿ ನೋಡಲು ಸಿಗುತ್ತದೆ. ಇಂದು ಬಹುತೇಕ ಲಿನಕ್ಸ್ ಆವೃತ್ತಿಗಳಲ್ಲಿ ಸಿಸ್ಟಮ್‌ಡಿ ಎಂಬ ವ್ಯವಸ್ಥಾಪಕ ತಂತ್ರಾಂಶವಿದೆ. ಅದರ ಕೆಲಸ ಶುರುವಾದದ್ದು 2010ರಲ್ಲಿ. ಅದರ ಒಂದು ವಿಭಾಗ ಲಾಗಿನ್‌ಡಿ. ಯಾರು ಒಳಬಂದಿದ್ದಾರೆ, ಯಾರು ಹೊರಗೆ ಹೋದರು ಎಂಬುದನ್ನು ನೋಡಿಕೊಳ್ಳುವ ಈ ವಿಭಾಗವೇ ಮುಚ್ಚಳ ಮತ್ತು ಗುಂಡಿಯ ಸುದ್ದಿಯನ್ನೂ ಕೇಳುತ್ತದೆ. ಏನು ಮಾಡಬೇಕೆಂಬುದು ಒಂದು ಸಾದಾ ಪಠ್ಯ ಕಡತದಲ್ಲಿ ಒಂದೊಂದು ಸಾಲಾಗಿ ಇರುತ್ತದೆ. ಬೇರೆ ಯಾರೂ ಬದಲಿಸದಿದ್ದರೆ ಅಲ್ಲಿನ ನಿಯಮ ಹೀಗೆ: ಗುಂಡಿ ಒತ್ತಿದರೆ ಪೂರ್ತಿ ನಿಲ್ಲಿಸು, ಮುಚ್ಚಳ ಮುಚ್ಚಿದರೆ ಮಲಗಿಸು, ಹೊರಗಿನ ಪರದೆ ಜೋಡಿಸಿದ್ದರೆ ಮುಚ್ಚಳವನ್ನು ಗಮನಿಸಬೇಡ.

ಮೂರನೆಯ ನಿಯಮದಲ್ಲಿ ಸಾಮಾನ್ಯ ತಿಳಿವಳಿಕೆ ಇದೆ. ದೊಡ್ಡ ಪರದೆ ಜೋಡಿಸಿಕೊಂಡು ಮುಚ್ಚಳ ಮುಚ್ಚಿದವರು ಕೆಲಸ ಮುಂದುವರಿಸಲೆಂದೇ ಮುಚ್ಚಿರುತ್ತಾರೆ. ಇನ್ನೊಂದು ಜಾಣತನವೂ ಇದೆ. ಯಂತ್ರ ಎದ್ದ ಮೊದಲ 30 ಸೆಕೆಂಡು ಲಾಗಿನ್‌ಡಿ ಮುಚ್ಚಳದ ಸುದ್ದಿಗೆ ಕಿವಿಗೊಡುವುದಿಲ್ಲ. ಹೊರಗಿನ ಪರದೆ ಇದೆಯೋ ಇಲ್ಲವೋ ಎಂದು ತಿಳಿಯಲು ಅಷ್ಟು ಸಮಯ ಬೇಕು. ಅಷ್ಟರೊಳಗೆ ಆತುರಪಟ್ಟರೆ ಎದ್ದವನನ್ನು ಮತ್ತೆ ಮಲಗಿಸಿದಂತಾಗುತ್ತದೆ.

ತಡೆಯಾಜ್ಞೆಯ ಪ್ರಶ್ನೆ

ಕಾರ್ಯಕ್ರಮಗಳು ನಡುವೆ ಬಾಯಿ ಹಾಕಬಹುದು. ಡಿಸ್ಕಿನ ನಕಲು ತೆಗೆಯುತ್ತಿರುವ ಕಾರ್ಯಕ್ರಮ, ಈಗ ಮಲಗಿಸಬೇಡಿ ಎಂದು ಅರ್ಜಿ ಹಾಕಬಹುದು. ನ್ಯಾಯಾಲಯದ ತಡೆಯಾಜ್ಞೆಯಂಥ ವ್ಯವಸ್ಥೆ ಇದು. ಇದರಲ್ಲಿ ಎರಡು ಬಗೆ. ಒಂದು ಪೂರ್ತಿ ತಡೆ. ಇನ್ನೊಂದು ವಾಯಿದೆ: ಸ್ವಲ್ಪ ತಾಳಿ, ಕಡತ ಉಳಿಸಿಕೊಳ್ಳುತ್ತೇನೆ ಎನ್ನುವುದು. ವಾಯಿದೆಗೆ ಲಾಗಿನ್‌ಡಿ ಸಾಮಾನ್ಯವಾಗಿ ಕೊಡುವ ಗರಿಷ್ಠ ಸಮಯ 5 ಸೆಕೆಂಡು.

ಇಲ್ಲಿ ಒಂದು ಕುತೂಹಲದ ವ್ಯತ್ಯಾಸವಿದೆ. ಒಂದು ಕಾರ್ಯಕ್ರಮ ಪೂರ್ತಿ ತಡೆ ತಂದಿದ್ದರೆ ಗುಂಡಿಯ ಆಜ್ಞೆ ಅದಕ್ಕೆ ತಲೆಬಾಗುತ್ತದೆ. ಮುಚ್ಚಳದ ಆಜ್ಞೆ, ಬೇರೆ ಸೂಚನೆ ಇಲ್ಲದಿದ್ದರೆ, ಅದೇ ಬಗೆಯ ತಡೆಯನ್ನು ಲೆಕ್ಕಿಸುವುದಿಲ್ಲ. ಮುಚ್ಚಳದ ಸುದ್ದಿಗೇ ವಿಶೇಷ ತಡೆ ತಂದಿದ್ದರೆ ಮಾತ್ರ ನಿಲ್ಲುತ್ತದೆ. ಮೊದಲ ನೋಟಕ್ಕೆ ಇದು ಅನ್ಯಾಯ ಎನಿಸೀತು. ಆದರೆ ಮುಚ್ಚಳ ಮುಚ್ಚಿದವನ ಮುಂದಿನ ಕೆಲಸ ಏನು? ಯಂತ್ರವನ್ನು ಚೀಲಕ್ಕೆ ಹಾಕುವುದು. ಯಾವುದೋ ಕಾರ್ಯಕ್ರಮದ ಅರ್ಜಿಯನ್ನು ಮನ್ನಿಸಿ ಎಚ್ಚರವಾಗಿದ್ದರೆ ಯಂತ್ರ ಚೀಲದೊಳಗೆ ಬೇಯುತ್ತದೆ. ಗುಂಡಿ ಒತ್ತಿದವನಾದರೋ ಯಂತ್ರದ ಮುಂದೆಯೇ ಕೂತಿರುತ್ತಾನೆ. ಪರದೆ ಆರಲಿಲ್ಲವೆಂದರೆ ಅವನಿಗೆ ಕಾಣುತ್ತದೆ. ಕಾಣುವವನಿಗೆ ಕಾಯಲು ಹೇಳಬಹುದು, ಕಾಣದವನ ಪರವಾಗಿ ಯಂತ್ರವೇ ಎಚ್ಚರ ವಹಿಸಬೇಕು ಎಂಬ ವಿಚಾರ ಈ ನಿಯಮದ ಹಿಂದಿದೆ.

ಇದರ ಬೆಲೆಯನ್ನೂ ಹೇಳಬೇಕು. ರಾತ್ರಿಯೆಲ್ಲ ನಡೆಯಬೇಕಾದ ದೊಡ್ಡ ಕೆಲಸ ಹಚ್ಚಿ, ಧೂಳು ಬೀಳದಿರಲಿ ಎಂದು ಮುಚ್ಚಳ ಮುಚ್ಚಿ ಮಲಗಿದವರಿಗೆ ಬೆಳಗ್ಗೆ ಕೆಲಸ ಮುಚ್ಚಿದಲ್ಲೇ ನಿಂತಿರುವುದು ಕಾಣುತ್ತದೆ. ಹಳೆಯ ಲ್ಯಾಪ್‌ಟಾಪನ್ನು ಅಂಗಡಿಯ ಲೆಕ್ಕಕ್ಕೋ, ಶಾಲೆಯ ಗ್ರಂಥಾಲಯದ ಪಟ್ಟಿಗೋ ಸರ್ವರ್ ಮಾಡಿ ಮೂಲೆಯಲ್ಲಿ ಮುಚ್ಚಿಟ್ಟವರೂ ಇದೇ ತೊಂದರೆಗೆ ಸಿಲುಕುತ್ತಾರೆ. ಇಂಥವರು ಮುಚ್ಚಳದ ಸಾಲಿನಲ್ಲಿ ಮಲಗಿಸು ಎಂಬುದನ್ನು ತೆಗೆದು ಗಮನಿಸಬೇಡ ಎಂದು ಬರೆಯಬೇಕು. ಅಂಥ ಯಂತ್ರವನ್ನು ಗಾಳಿಯಾಡುವಲ್ಲಿ ಇಡಬೇಕು.

ತೀರ್ಮಾನ ಯಾರದು?

ವಿಂಡೋಸ್‌ನಲ್ಲಿ ಇದೇ ಬರಹ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಎಂಬಲ್ಲಿದೆ. ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬ ಸಾಲಿನ ಎದುರು ಎರಡು ಮನೆಗಳಿವೆ: ಬ್ಯಾಟರಿಯ ಮೇಲಿದ್ದಾಗ ಒಂದು, ಪ್ಲಗ್ಗಿಗೆ ಹಾಕಿದ್ದಾಗ ಇನ್ನೊಂದು. ಏನೂ ಮಾಡಬೇಡ, ಮಲಗಿಸು, ಹೈಬರ್ನೇಟ್ ಮಾಡು, ನಿಲ್ಲಿಸು ಎಂಬವುಗಳಲ್ಲಿ ಆರಿಸಿಕೊಳ್ಳಬಹುದು. ಆ್ಯಪಲ್‌ನ ಲ್ಯಾಪ್‌ಟಾಪುಗಳಲ್ಲಿ ಆಯ್ಕೆ ಕಡಿಮೆ. ಮುಚ್ಚಳ ಮುಚ್ಚಿದರೆ ಯಂತ್ರ ಮಲಗುತ್ತದೆ. ವಿದ್ಯುತ್, ಹೊರಗಿನ ಪರದೆ, ಕೀಲಿಮಣೆ ಜೋಡಿಸಿದ್ದರೆ ಎಚ್ಚರವಾಗಿರುತ್ತದೆ. 2016ರ ಮ್ಯಾಕ್‌ಬುಕ್ ಪ್ರೊ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆರಿಸಿಟ್ಟ ಯಂತ್ರವೂ ಮುಚ್ಚಳ ತೆರೆದ ಕೂಡಲೇ ಶುರುವಾಗುವಂತೆ ಮಾಡಿತು. ಒರೆಸಲೆಂದು ತೆರೆದರೂ ಅದು ಏಳುತ್ತಿತ್ತು.

ಒಂದೇ ಸನ್ನೆಗೆ ಮೂರು ಸಂಸ್ಥೆಗಳ ಮೂರು ಅರ್ಥ. ಯಾವುದೂ ತಪ್ಪಲ್ಲ, ಯಾವುದೂ ಎಲ್ಲರಿಗೂ ಸರಿಯಲ್ಲ. ಯಂತ್ರ ಮಾಡಿದವರಿಗೆ ಬಳಸುವವರ ಊರು, ಮನೆ, ಕೆಲಸ ತಿಳಿದಿರುವುದಿಲ್ಲ. ಅವರು ಒಂದು ಸರಾಸರಿ ಬಳಕೆದಾರನನ್ನು ಊಹಿಸಿ ನಿಯಮ ಬರೆದಿರುತ್ತಾರೆ. ರಾಜ್ಯ ಸರ್ಕಾರ ಪದವಿ ವಿದ್ಯಾರ್ಥಿಗಳಿಗೆ ಹಂಚಿದ ಲ್ಯಾಪ್‌ಟಾಪು ಅನೇಕ ಮನೆಗಳ ಮೊದಲ ಗಣಕ. ಆ ಮನೆಗಳಲ್ಲಿ ಇದನ್ನು ಹೇಳಿಕೊಡುವ ಅಣ್ಣನೋ ಅಕ್ಕನೋ ಇರುವುದಿಲ್ಲ. ಯಂತ್ರ ತನ್ನಷ್ಟಕ್ಕೆ ಮಾಡುವುದೇ ಯಂತ್ರದ ಸ್ವಭಾವ ಎಂದು ಅಲ್ಲಿಯ ಮಕ್ಕಳು ತಿಳಿಯುತ್ತಾರೆ. ಕಳೆದುಹೋದ ಪುಟಗಳನ್ನು ತಮ್ಮ ದಡ್ಡತನಕ್ಕೆ ಜಮಾ ಮಾಡಿಕೊಳ್ಳುತ್ತಾರೆ. ಇದು ಸ್ವಭಾವವಲ್ಲ, ಯಾರೋ ಮಾಡಿದ ಆಯ್ಕೆ ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ.

ನಿಲ್ಲಿಸುವ ತೀರ್ಮಾನ ದೂರದಲ್ಲಿ ಆದಾಗ ಏನಾಗುತ್ತದೆ ಎಂಬುದನ್ನು ಭದ್ರಾವತಿ ದೊಡ್ಡ ಪ್ರಮಾಣದಲ್ಲಿ ಕಂಡಿದೆ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ವಶದಲ್ಲಿದೆ. ಸ್ವಂತ ಅದಿರು ಗಣಿ ನಡೆಯದೆ ಅದು ಸೊರಗುತ್ತ ಬಂತು. ಮೊದಲ ಕುಲುಮೆ ಹೊತ್ತಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಅದೇ ವರ್ಷ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ಚಾಲೂ ಆಯಿತು. ಮುಚ್ಚುವುದೋ, ಬೂದಿ ಎಳೆದು ಕೆಂಡ ಕಾಯುವುದೋ ಎಂಬುದು ಅಲ್ಲಿ ಬರಿಯ ಪದಗಳ ವ್ಯತ್ಯಾಸವಾಗಿರಲಿಲ್ಲ. ಗಣಕದ ನಾಲ್ಕು ಪುಟಕ್ಕೂ ಸಾವಿರಾರು ಮನೆಗಳ ಅನ್ನಕ್ಕೂ ಹೋಲಿಕೆ ಇಲ್ಲ ನಿಜ. ಆದರೆ ಯಾವ ನಿಲುಗಡೆ, ಯಾರ ಮಾತಿನಂತೆ ಎಂದು ಕೇಳುವ ಅಭ್ಯಾಸ ಎರಡೂ ಕಡೆ ಬೇಕಾದದ್ದೇ.

ಮಳೆಗಾಲದ ಲೆಕ್ಕ

ಕೊನೆಗೆ ಬಳಕೆಯ ಕೆಲವು ಮಾತು. ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಆದರೂ ಅದೇ ಜಿಲ್ಲೆಯ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕತ್ತಲೆ. ಮೆಸ್ಕಾಂ ಸಿಬ್ಬಂದಿ ಮಳೆಯಲ್ಲಿ ನೆನೆಯುತ್ತ ಕಂಬ ಹತ್ತಿ ಸರಿಪಡಿಸುವವರೆಗೆ ಲ್ಯಾಪ್‌ಟಾಪಿಗೆ ಬ್ಯಾಟರಿಯೇ ಗತಿ. ಇಂಥ ಕಡೆ ರಾತ್ರಿಯಿಡೀ ನಿದ್ರೆಯಲ್ಲಿ ಬಿಡುವುದಕ್ಕಿಂತ ಹೈಬರ್ನೇಟ್ ಮೇಲು. ಕೆಲವು ವ್ಯವಸ್ಥೆಗಳಲ್ಲಿ ಮೊದಲು ಮಲಗು, ಸ್ವಲ್ಪ ಹೊತ್ತಿನ ಮೇಲೆ ಹೈಬರ್ನೇಟ್ ಆಗು ಎಂಬ ಜೋಡಿ ಆಯ್ಕೆಯೂ ಇದೆ. ಲಿನಕ್ಸ್‌ನಲ್ಲಿ ಹೈಬರ್ನೇಟ್ ಬೇಕಾದರೆ ಡಿಸ್ಕಿನಲ್ಲಿ ರ‍್ಯಾಮ್‌ನ ನಕಲು ಹಿಡಿಯುವಷ್ಟು ಸ್ವಾಪ್ ಜಾಗ ಇರಬೇಕು. ಇಲ್ಲದಿದ್ದರೆ ಆ ಆಯ್ಕೆ ಕೆಲಸ ಮಾಡದು.

ಬಸ್ಸಿನಲ್ಲಿ, ರೈಲಿನಲ್ಲಿ ಒಯ್ಯುವಾಗಲೂ ಹೈಬರ್ನೇಟ್ ಇಲ್ಲವೇ ಪೂರ್ತಿ ನಿಲುಗಡೆ ಒಳ್ಳೆಯದು. ಯಂತ್ರ ಬಿಸಿಯಾಗುವುದಿಲ್ಲ. ಕಳವಾದರೂ ಅಪಾಯ ಕಡಿಮೆ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿದ್ದರೆ ಮಲಗಿದ ಯಂತ್ರದಲ್ಲಿ ಆ ಬೀಗದ ಕೀಲಿ ರ‍್ಯಾಮ್‌ನಲ್ಲಿ ಉಳಿದಿರಬಹುದು, ಪೂರ್ತಿ ನಿಂತ ಯಂತ್ರದಲ್ಲಿ ಉಳಿಯದು. ಹಲವರು ಬಳಸುವ ಕಾಲೇಜಿನ ಪ್ರಯೋಗಾಲಯದಂಥ ಕಡೆ ಗುಂಡಿ ಒತ್ತಿದ ಕೂಡಲೇ ನಿಲ್ಲಬೇಡ, ಮೊದಲು ಕೇಳು ಎಂಬ ಆಯ್ಕೆ ಇದ್ದರೆ ಅದನ್ನು ಇಡುವುದು ವಾಸಿ.

ಇವೆಲ್ಲಕ್ಕಿಂತ ಮೊದಲು ನಿಮ್ಮ ಯಂತ್ರದ ಗುಣವನ್ನು ನೀವೇ ಪರೀಕ್ಷಿಸಿ. ಒಂದು ರಜೆಯ ದಿನ ಬೇಡದ ಕಡತವೊಂದನ್ನು ತೆರೆದು ಎರಡು ಸಾಲು ಬರೆಯಿರಿ, ಉಳಿಸಬೇಡಿ. ಬ್ಯಾಟರಿ ಎಷ್ಟಿದೆ ಎಂದು ಕಾಗದದಲ್ಲಿ ಬರೆದಿಟ್ಟು ಮುಚ್ಚಳ ಮುಚ್ಚಿ ಎರಡು ಗಂಟೆ ಮೇಜಿನ ಮೇಲೆ ಬಿಡಿ. ಆಮೇಲೆ ಮೊದಲು ತಳ ಮುಟ್ಟಿ ನೋಡಿ, ಬಿಸಿ ಇದೆಯೇ ಎಂದು. ತೆರೆದು ಆ ಎರಡು ಸಾಲು ಇವೆಯೇ, ಬ್ಯಾಟರಿ ಎಷ್ಟು ಇಳಿದಿದೆ ಎಂದು ನೋಡಿ. ಬಾಗಿಲು ಮುಂದೆ ಮಾಡಿದ್ದೋ, ಚಿಲಕವೋ, ಬೀಗವೋ ಎಂಬುದು ಆಗ ಗೊತ್ತಾಗುತ್ತದೆ. ಬೇಕಾದಂತೆ ಇಲ್ಲದಿದ್ದರೆ ಆ ಒಂದು ಸಾಲನ್ನು ಬದಲಿಸಲು ಐದು ನಿಮಿಷ ಸಾಕು. ಅಲ್ಲಿಯವರೆಗೆ, ಮುಚ್ಚಳಕ್ಕೆ ಕೈ ಹಾಕುವ ಮೊದಲು ಕಡತ ಉಳಿಸುವುದನ್ನು ಮರೆಯಬೇಡಿ.